ಟ್ರಂಕಿನಲ್ಲಿರುವ ಜನನ ಪತ್ರ

ಪ್ರಶ್ನೆ: ನಾನು ಧರ್ಮಪುರಿ ಜಿಲ್ಲೆ ಪೆನ್ನಾಗರಂ ತಾಲ್ಲೂಕಿನವನು. ವಯಸ್ಸು 63. ಮನೆಮಾತು ಕನ್ನಡ, ಓದಿದ್ದು ತಮಿಳು. ಮಾತಾಡೋಕೆ ತೊಂದರೆಯಿಲ್ಲ, ಬರೆಯೋಕೆ ಕೈ ಓಡಲ್ಲ. ಆನೇಕಲ್‌ನಲ್ಲಿರೋ ನನ್ನ ಹೆಂಡತಿ ತಮ್ಮ ನಾನು ಹೇಳಿದ್ದನ್ನ ಬರೆದುಕೊಡ್ತಿದ್ದಾನೆ. ನಮ್ಮಪ್ಪನಿಂದ ಬಂದ ಮೂರು ಎಕರೆ ಇದೆ. ಒಂದೂವರೆ ಎಕರೆ ಮಾವು, ಮಿಕ್ಕಿದ್ದು ರಾಗಿ, ಮರಗೆಣಸು. ಒಬ್ಬ ಮಗ, ಒಬ್ಬಳು ಮಗಳು. ಮಗಳನ್ನ ಸೇಲಂನಲ್ಲಿ ನರ್ಸಿಂಗ್ ಓದಿಸಿದೆ. 2019ರಲ್ಲಿ ಐರ್ಲೆಂಡಿಗೆ ಹೋದಳು. ಡಬ್ಲಿನ್‌ನಲ್ಲಿ ಆಸ್ಪತ್ರೆ ಕೆಲಸ. ಮದುವೆ ಆಯ್ತು, ಅಳಿಯನೂ ಅಲ್ಲೇ ಇದ್ದಾನೆ. ಅಲ್ಲೇ ಹುಟ್ಟಿದ ಮೊಮ್ಮಗಳಿಗೆ ಈಗ ಒಂದೂವರೆ ವರ್ಷ. ಮಗುವಿಗೆ ನಮ್ಮ ದೇಶದ ಪಾಸ್‌ಪೋರ್ಟೇ ಮಾಡಿಸಿದ್ದಾರೆ.

ಈಗ ಮಗಳು, 'ನಾನು ಐರ್ಲೆಂಡ್ ಪಾಸ್‌ಪೋರ್ಟ್ ತಗೋಬೇಕು ಅಂತಿದೀನಿ, ನನ್ನ ಬರ್ತ್ ಸರ್ಟಿಫಿಕೇಟ್ ಕಳಿಸಪ್ಪಾ' ಅಂತ ಕೇಳಿದಳು. ಮಗ ಹೇಳ್ತಾನೆ, ಅದನ್ನ ತಗೊಂಡ್ರೆ ಅವಳು ಈ ದೇಶದವಳೇ ಅಲ್ಲ, ಜಮೀನಲ್ಲಿ ಭಾಗವೂ ಇಲ್ಲ ಅಂತ. ಹೋದ ವರ್ಷ ಬಂದಾಗ ಮೂರೇ ವಾರ ಇದ್ದಳು. ಮಾರಿಹಬ್ಬ ಮುಗಿಸಿಕೊಂಡು ಹೋಗು ಅಂದ್ರೂ ನಿಲ್ಲಲಿಲ್ಲ. ಆಗಲೇ ನನ್ನ ಮನಸ್ಸು ಒಡೀತು. ನಾಳೆ ನನಗೇನಾದ್ರೂ ಆದ್ರೆ, ಬಂದು ಮುಖ ನೋಡೋಕೂ ಅವಳು ವೀಸಾ ಕೇಳಬೇಕಾ? ಸರ್ಟಿಫಿಕೇಟ್ ಟ್ರಂಕಿನಲ್ಲೇ ಇದೆ. ಹುಡುಕಿದೆ, ಸಿಗಲಿಲ್ಲ ಅಂದುಬಿಟ್ಟೆ. ಎರಡು ತಿಂಗಳಾಯ್ತು. ಮಗಳ ಹತ್ರ ಸುಳ್ಳು ಹೇಳಿದ್ದು ಇದೇ ಮೊದಲು. ರಾತ್ರಿ ನಿದ್ದೆ ಬರಲ್ಲ. ಏನು ಮಾಡಲಿ?

ಉತ್ತರ: ಯಜಮಾನರೇ, ವೀಸಾ ಬಗ್ಗೆ ಕೇಳಿದ ಪ್ರಶ್ನೆಯನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ, ಜಮೀನಲ್ಲ. ನಿಮಗೇನಾದರೂ ಆದರೆ ಮಗಳು ಬರಬಲ್ಲಳು. ಐರಿಷ್ ಪಾಸ್‌ಪೋರ್ಟ್ ಪಡೆದ ಮೇಲೆ ಅವಳು ನಮ್ಮ ಸರ್ಕಾರದಿಂದ ಒಸಿಐ ಕಾರ್ಡ್ ಪಡೆಯಬಹುದು. ಭಾರತ ಮೂಲದವರಾಗಿದ್ದು ಬೇರೆ ದೇಶದ ಪೌರತ್ವ ತೆಗೆದುಕೊಂಡವರಿಗೆ ಕೊಡುವ ಕಾರ್ಡ್ ಅದು. ಅದು ಕೈಯಲ್ಲಿದ್ದರೆ ಜೀವನಪೂರ್ತಿ ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಪ್ರತಿ ಸಲ ವೀಸಾ ಕೇಳಬೇಕಾಗಿಲ್ಲ, ಇಲ್ಲಿಗೆ ಬಂದ ಮೇಲೆ ವಿದೇಶಿಯರ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿಯೂ ಇಲ್ಲ.

ಆದರೆ ನಡುವೆ ಒಂದು ಸಂದು ಇದೆ. ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಅವಳು ಅಲ್ಲಿ ಪೌರತ್ವದ ಪ್ರಮಾಣ ಸ್ವೀಕರಿಸಿದ ದಿನದಿಂದ ನಮ್ಮ ಪಾಸ್‌ಪೋರ್ಟ್ ಬಳಸುವಂತಿಲ್ಲ. ಬಳಸಿದರೆ ದಂಡ ತೆರಬೇಕಾಗುತ್ತದೆ. ಮೊದಲು ಐರಿಷ್ ಪಾಸ್‌ಪೋರ್ಟ್ ಕೈಗೆ ಬರಬೇಕು. ಆಮೇಲೆ ಭಾರತದ ಪಾಸ್‌ಪೋರ್ಟನ್ನು ನಮ್ಮ ರಾಯಭಾರ ಕಚೇರಿಗೆ ಒಪ್ಪಿಸಿ ಅದಕ್ಕೆ ಪ್ರಮಾಣಪತ್ರ ಪಡೆಯಬೇಕು. ಅದಾದ ಮೇಲೆ ಒಸಿಐ ಅರ್ಜಿ. ಈ ತಿಂಗಳುಗಳಲ್ಲಿ ತುರ್ತಾಗಿ ಹೊರಡಬೇಕಾಗಿ ಬಂದರೆ ಐರಿಷ್ ಪಾಸ್‌ಪೋರ್ಟಿನ ಮೇಲೆ ಇ-ವೀಸಾ ತೆಗೆದುಕೊಂಡು ಬರಬೇಕಾಗುತ್ತದೆ. ಆ ಪಾಸ್‌ಪೋರ್ಟೂ ಬಂದಿರದಿದ್ದರೆ ಪೇಚು. ಆದ್ದರಿಂದ ಪ್ರಮಾಣದ ದಿನ ಗೊತ್ತಾದ ಕೂಡಲೇ ನಿಮಗೆ ತಿಳಿಸಲು ಹೇಳಿ. ಕಣ್ಣಿನ ಆಪರೇಷನ್ನೋ ಮಗನ ಮನೆಯ ಶುಭಕಾರ್ಯವೋ ಇದ್ದರೆ ಆ ತಿಂಗಳುಗಳಿಂದ ಆಚೆಗೆ ಹಾಕಿಕೊಳ್ಳಿ.

ಇನ್ನು ನಿಮ್ಮ ಮಗ ಹೇಳಿದ ಮಾತು. ಅದರಲ್ಲಿ ಅರ್ಧ ನಿಜ, ಅರ್ಧ ತಪ್ಪು.

ನಿಜವಾದ ಅರ್ಧ ಕಹಿಯಾದದ್ದು. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ತಾನಾಗಿ ಇಷ್ಟಪಟ್ಟು ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಪ್ರಜೆಯ ಭಾರತದ ಪೌರತ್ವ ಅಲ್ಲಿಗೆ ಮುಗಿಯುತ್ತದೆ. ಅವಳಿಗೆ ಇದರಲ್ಲಿ ವಿನಾಯಿತಿ ಇಲ್ಲ. ಒಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಎಂಬ ಹೆಸರಿನಲ್ಲಿ ಪೌರತ್ವದ ಮಾತಿದ್ದರೂ ಅದು ಪೌರತ್ವವಲ್ಲ. ಅವಳು ಇಲ್ಲಿ ಓಟು ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ನಿಮ್ಮೂರ ಪಂಚಾಯಿತಿಗೂ ಸಹ. ಐರ್ಲೆಂಡ್ ಮಾತ್ರ ಅವಳನ್ನು ಹಳೆಯ ದೇಶ ಬಿಟ್ಟು ಬಾ ಎನ್ನುವುದಿಲ್ಲ. ಅದು ಎರಡು ಪೌರತ್ವವನ್ನು ಒಪ್ಪುವ ದೇಶ. ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವುದು ನಮ್ಮ ಕಾನೂನು. ನಿಮ್ಮ ಕೋಪವೆಲ್ಲ ಮಗಳ ಮೇಲೇ ಬಿದ್ದಿರುವುದರಿಂದ ಇದನ್ನು ಹೇಳಿದೆ. ತವರು ಬಿಡುತ್ತೇನೆ ಎಂದು ಅವಳು ಎಲ್ಲೂ ಹೇಳಿಲ್ಲ.

ಹಾಗೆ ಬಿಟ್ಟ ಪೌರತ್ವವನ್ನು ಮುಂದೆ ಮತ್ತೆ ಪಡೆಯುವ ದಾರಿಯೂ ಇದೆ. ಒಸಿಐ ಆಗಿ 5 ವರ್ಷ ಕಳೆದು, ಅರ್ಜಿ ಹಾಕುವ ಮುಂಚೆ 12 ತಿಂಗಳು ಭಾರತದಲ್ಲಿದ್ದವರು ಭಾರತದ ಪೌರತ್ವಕ್ಕೆ ಮತ್ತೆ ಅರ್ಜಿ ಹಾಕಬಹುದು. ಆಗ ಐರಿಷ್ ಪೌರತ್ವವನ್ನು ಬಿಡಬೇಕಾಗುತ್ತದೆ, ಅಷ್ಟೇ.

ತಪ್ಪಾದ ಅರ್ಧ ಜಮೀನಿನದು. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ನಿಮ್ಮಂಥ ಮನೆಗಳಲ್ಲಿ ಅಣ್ಣ ತಂಗಿಯರ ಮಾತು ನಿಂತುಹೋಗುವುದು ಸಾಮಾನ್ಯವಾಗಿ ಇಂಥ ಅರೆಬರೆ ಕಾನೂನಿನ ಮಾತಿನಿಂದಲೇ.

ಮಗಳಿಗೆ ಪಾಲು ಬರುವುದು ಅವಳು ಮಗಳು ಎಂಬ ಕಾರಣಕ್ಕೆ, ಕೈಯಲ್ಲಿರುವ ಪಾಸ್‌ಪೋರ್ಟಿನ ಕಾರಣಕ್ಕಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಡಲು ತಮಿಳುನಾಡು 1989ರಲ್ಲೇ ಕಾನೂನು ಮಾಡಿತು. ಕರ್ನಾಟಕಕ್ಕೆ ಆ ಕಾನೂನು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಅಪ್ಪ ಯಾವಾಗ ತೀರಿಕೊಂಡರು ಎಂಬ ತಕರಾರುಗಳಿಗೂ ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ತೆರೆ ಎಳೆಯಿತು. ಅವಳು ಐರಿಷ್ ಪ್ರಜೆಯಾದ ಮಾತ್ರಕ್ಕೆ ಈ ಹಕ್ಕು ಬತ್ತಿಹೋಗುವುದಿಲ್ಲ. ವಿದೇಶದಲ್ಲಿರುವ ಭಾರತ ಮೂಲದವರು ಇಲ್ಲಿನ ಕೃಷಿ ಜಮೀನನ್ನು ವಾರಸಾಗಿ ಪಡೆಯಬಹುದು, ಇಟ್ಟುಕೊಳ್ಳಬಹುದು. ಮಾರುವುದಾದರೆ ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು. ಅವಳ ಅಣ್ಣನೇ ಕೊಳ್ಳಬಹುದಲ್ಲ.

ಅವಳಿಂದ ಆಗದ್ದು ಎರಡಿದೆ. ಹೊಸದಾಗಿ ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಬದುಕಿರುವಾಗ ನೀವು ದಾನವಾಗಿ ಬರೆದುಕೊಟ್ಟರೆ ಅದನ್ನೂ ಪಡೆಯುವಂತಿಲ್ಲ. ನಿಮ್ಮ ಕಡೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತ ಪತ್ರ ಬರಹಗಾರರು 'ಸೆಟಲ್‌ಮೆಂಟ್ ಮಾಡಿಬಿಡಿ, ಮನೆಯವರಿಗಾದರೆ ಮುದ್ರಾಂಕ ಶುಲ್ಕ ಕಡಿಮೆ' ಎನ್ನುತ್ತಾರೆ. ಮಗನಿಗೆ ಅದು ಸರಿ. ಮಗಳ ಹೆಸರಿಗೆ ಕೃಷಿ ಜಮೀನಿನ ಸೆಟಲ್‌ಮೆಂಟ್ ಬೇಡ. ಅವಳಿಗೆ ಏನಾದರೂ ಬಿಟ್ಟುಹೋಗುವ ಮನಸ್ಸಿದ್ದರೆ ಉಯಿಲು ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಸಾಧ್ಯವಾದರೆ ರಿಜಿಸ್ಟರೂ ಮಾಡಿಸಿ. ಅದಕ್ಕೆ ಮುಂಚೆ ಜಮೀನಿನ ಪಟ್ಟಾ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಇನ್ನೂ ನಿಮ್ಮ ತಂದೆಯವರ ಹೆಸರಿನಲ್ಲೇ ಇದ್ದರೆ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದೇ ಮೊದಲ ಕೆಲಸ. ಪಟ್ಟಾ, ಚಿಟ್ಟಾ ಎರಡನ್ನೂ ಒಬ್ಬ ಒಳ್ಳೆಯ ವಕೀಲರಿಗೆ ತೋರಿಸಿ ಮಾತಾಡಿ.

ಗಮನಿಸಬೇಕಾದ್ದು ಇನ್ನೊಂದಿದೆ. ಈ ಎರಡು ನಿರ್ಬಂಧಗಳು ಐರಿಷ್ ಪಾಸ್‌ಪೋರ್ಟಿನಿಂದ ಬರುವಂಥವಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವಿದೇಶದಲ್ಲಿ ನೆಲೆಸಿದವರಿಗೂ ಇದೇ ನಿಯಮ. ಅಂದರೆ ಮಗಳು ಕೆಲಸಕ್ಕೆಂದು ಹೋಗಿ ಅಲ್ಲಿ ನೆಲೆಯೂರಿದಾಗಲೇ ಇವು ಅವಳ ಮೇಲೆ ಬಿದ್ದಿವೆ. ಮಗ ಈಗ ಎತ್ತಿರುವ ಭಯಕ್ಕೆ ಹೊಸ ಕಾರಣವೇ ಇಲ್ಲ. ಅವನ ಮನಸ್ಸಿನಲ್ಲಿ ಕೆಟ್ಟದ್ದೇ ಇದೆ ಎಂದು ನಾನು ಹೇಳಲಾರೆ. ಬಿಸಿಲಲ್ಲಿ ನಿಂತು ಮಾವಿಗೆ ನೀರು ಕಟ್ಟುವವನು ಅವನು. ಜಮೀನಿನ ಮಾತನ್ನು ಅವನ ಜೊತೆ ಬೇರೆಯಾಗಿ, ನೇರವಾಗಿ ಆಡಿ. ತಂಗಿಯ ಪಾಸ್‌ಪೋರ್ಟಿನ ಜೊತೆ ಗಂಟು ಹಾಕಬೇಡಿ.

ಮೂರೇ ವಾರದ ವಿಷಯಕ್ಕೆ ಬರುತ್ತೇನೆ. ಅದು ನಿಮಗೆ ಎಷ್ಟು ನೋವು ಕೊಟ್ಟಿದೆ ಎಂದು ಕಾಗದದಲ್ಲೇ ಕಾಣುತ್ತದೆ. ಆದರೆ ನಿಮಗೆ ಯಾರೂ ಹೇಳದೆ ಉಳಿದ ಲೆಕ್ಕ ಒಂದಿದೆ. ಐರ್ಲೆಂಡಿನಲ್ಲಿ ಕೆಲಸದ ಮೇಲೆ ಹೋದವರು ಪೌರತ್ವ ಕೇಳಬೇಕಾದರೆ 5 ವರ್ಷದ ವಾಸ ತೋರಿಸಬೇಕು. ಅರ್ಜಿಯ ದಿನಕ್ಕೆ ಹಿಂದಿನ ಒಂದು ವರ್ಷ ಬಿಡದೆ ಅಲ್ಲಿರಬೇಕು, ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 4 ವರ್ಷ ಕೂಡಬೇಕು. ವಿದ್ಯಾರ್ಥಿಯಾಗಿ ಕಳೆದ ಕಾಲ ಲೆಕ್ಕಕ್ಕಿಲ್ಲ. ವಾಸದ ಕಾರ್ಡ್ ನವೀಕರಿಸುವಾಗ ನಡುವೆ ಖಾಲಿ ಬಿದ್ದ ದಿನಗಳೂ ಕೈಬಿಟ್ಟು ಹೋಗಬಹುದು. ಆ ಕೊನೆಯ ಒಂದು ವರ್ಷದಲ್ಲಿ ದೇಶದಿಂದ ಹೊರಗೆ ಇರಬಹುದಾದದ್ದು ಒಟ್ಟು 70 ದಿನ. ತೀರಾ ಅನಿವಾರ್ಯವಾದ ಕಾರಣ ತೋರಿಸಿದರೆ ಇನ್ನೊಂದು 30 ದಿನದವರೆಗೆ ಕರುಣೆ ತೋರಬಹುದು, ಅದೂ ಅವರ ಮನಸ್ಸಿನಂತೆ.

ಈಗ ಆ ಮೂರು ವಾರವನ್ನು ಮತ್ತೆ ನೋಡಿ. ಆಸ್ಪತ್ರೆಯ ರಜೆ, ಕೈಗೂಸು, ಟಿಕೆಟ್ಟಿನ ಬೆಲೆ, ಇವುಗಳ ಜೊತೆಗೆ ಈ ದಿನಗಳ ಎಣಿಕೆಯೂ ಅವಳ ತಲೆಯಲ್ಲಿ ಓಡುತ್ತಿದ್ದಿರಬಹುದು. ಉಳಿದ ದಿನಗಳನ್ನು ಅವಳು ಯಾರಿಗಾಗಿ ಇಟ್ಟುಕೊಂಡಿರುತ್ತಾಳೆ? ಊರಿಂದ ರಾತ್ರಿ ಹೊತ್ತು ಫೋನು ಬಂದರೆ ಓಡಿಬರಬೇಕಲ್ಲ, ಅದಕ್ಕೆ. ಮಾರಿಹಬ್ಬಕ್ಕೆ ನಿಲ್ಲದೆ ಹೋದವಳು ನಿಮಗಾಗಿಯೇ ದಿನಗಳನ್ನು ಕೂಡಿಟ್ಟಿರಬಹುದು. ಹೌದೋ ಅಲ್ಲವೋ ಅವಳನ್ನೇ ಕೇಳಿ. ಕೇಳದೆ ಮನಸ್ಸು ಒಡೆದುಕೊಂಡಿದ್ದೀರಿ, ಅದೇ ನನಗೆ ಬೇಸರ.

ಮೊಮ್ಮಗಳ ವಿಷಯದಲ್ಲಿ ನಿಮಗೆ ಗೊತ್ತಿಲ್ಲದ್ದೊಂದು ಹೇಳಬೇಕು. ತಂದೆ ಅಥವಾ ತಾಯಿ, ಮಗು ಹುಟ್ಟುವ ಮುಂಚಿನ 4 ವರ್ಷಗಳಲ್ಲಿ 3 ವರ್ಷ ಅಲ್ಲಿ ಕ್ರಮವಾಗಿ ವಾಸವಿದ್ದರೆ, ಅಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಐರಿಷ್ ಪೌರತ್ವದ ಹಕ್ಕಿದೆ. 2004ರಲ್ಲಿ ಅಲ್ಲಿನ ಜನ ಓಟು ಹಾಕಿ ಸಂವಿಧಾನ ತಿದ್ದಿದ ಮೇಲೆ, 2005ರ ಜನವರಿ 1ರಿಂದ ಈ ನಿಯಮ ಇದೆ. ಮಗಳು 2019ರಲ್ಲಿ ಹೋದವಳು, ಮಗುವಿಗೆ ಒಂದೂವರೆ ವರ್ಷ. ಲೆಕ್ಕ ಹಾಕಿದರೆ ನಿಮ್ಮ ಮೊಮ್ಮಗಳಿಗೆ ಆ ಹಕ್ಕು ಆಗಲೇ ಇದೆ. ಹಾಗಿದ್ದೂ ಅವಳಪ್ಪ ಅಮ್ಮ ಮೊದಲು ಹೋಗಿ ಭಾರತದ ಪಾಸ್‌ಪೋರ್ಟ್ ಮಾಡಿಸಿದರು. ನೀವು ಆ ಸಾಲನ್ನು ಹೇಳಿ ಮುಂದೆ ಹೋಗಿಬಿಟ್ಟಿರಿ, ನಾನು ಅಲ್ಲೇ ನಿಂತೆ. ಮಗುವಿಗೂ ಐರಿಷ್ ಪಾಸ್‌ಪೋರ್ಟ್ ಮಾಡಿಸುವುದಾದರೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಾರದು ಎಂದು ಮಗಳಿಗೆ ನೆನಪಿಸಿ. ಭಾರತದ್ದನ್ನು ಒಪ್ಪಿಸಿ ಮಗುವಿಗೂ ಒಸಿಐ ಮಾಡಿಸಬೇಕು.

ಐರಿಷ್ ಪಾಸ್‌ಪೋರ್ಟ್ ಇಲ್ಲದೆಯೂ ಅಲ್ಲಿ ಉಳಿಯುವ ದಾರಿ ಅವಳಿಗಿದೆ. ದೀರ್ಘಕಾಲದ ವಾಸದ ಪರವಾನಗಿ ಇದೆ, 8 ವರ್ಷ ತುಂಬಿದರೆ ಸ್ಟ್ಯಾಂಪ್ 5 ಎಂಬ ಕಾಲಮಿತಿಯಿಲ್ಲದ ಅನುಮತಿ ಕೇಳಬಹುದು. ಗಂಡ ಹೆಂಡತಿ ಇಬ್ಬರೂ ಪೌರತ್ವ ಬದಲಿಸಲೇಬೇಕು ಎಂದೂ ಇಲ್ಲ. ಇದನ್ನು ತಿಳಿದಿರಲಿ ಎಂದು ಹೇಳಿದೆ, ಮಗಳ ಮುಂದೆ ವಾದಕ್ಕೆ ಇಟ್ಟುಕೊಳ್ಳಿ ಎಂದಲ್ಲ. ಅರ್ಜಿಗೆ 175 ಯೂರೊ, ಒಪ್ಪಿಗೆ ಸಿಕ್ಕ ಮೇಲೆ ಪೌರತ್ವದ ಪತ್ರಕ್ಕೆ 950 ಯೂರೊ ಕೊಟ್ಟು ಒಬ್ಬ ನರ್ಸ್ ಈ ಕೆಲಸಕ್ಕೆ ಕೈ ಹಾಕಿದ್ದಾಳೆ ಎಂದರೆ ಸುಮ್ಮನೆ ಆಸೆಗಲ್ಲ. ಆ ಪಾಸ್‌ಪೋರ್ಟ್ ಇದ್ದರೆ ಕೆಲಸ ಬದಲಿಸಲು ಪರವಾನಗಿ ಬೇಡ, ಯುರೋಪ್ ಒಕ್ಕೂಟದ ಯಾವ ದೇಶದಲ್ಲಾದರೂ ದುಡಿಯಬಹುದು, ಐರ್ಲೆಂಡಿನ ಸಂಸತ್ತಿನ ಚುನಾವಣೆಯಲ್ಲಿ ಓಟು ಹಾಕಬಹುದು. ಮುಂದೆ ಊರಿಗೆ ಬಂದು ನೆಲೆಸಿದರೆ ಒಂದು ಎಚ್ಚರ ಬೇಕು. ಅರ್ಜಿ ಹಾಕಿ ಐರಿಷ್ ಪ್ರಜೆಯಾದವರು ಹೊರದೇಶದಲ್ಲಿ ನೆಲೆಸಿದರೆ, ಪೌರತ್ವ ಉಳಿಸಿಕೊಳ್ಳುತ್ತೇನೆ ಎಂದು ವರ್ಷ ವರ್ಷ ಬರೆದು ತಿಳಿಸಬೇಕು. ಹಾಗೆ ತಿಳಿಸದೆ 7 ವರ್ಷ ಸತತವಾಗಿ ಹೊರಗಿದ್ದರೆ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಅವರಿಗಿದೆ.

ಯಜಮಾನರೇ, ಕಾಗದ ಬದಲಾದರೆ ಮನುಷ್ಯ ಬದಲಾಗಿಬಿಡುತ್ತಾನೆ ಎಂಬ ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ನಿಮ್ಮ ಬದುಕನ್ನೇ ನೋಡಿ. ನಿಮಗೆ 63 ಎಂದರೆ ನೀವು ಹುಟ್ಟಿದಾಗ ನಿಮ್ಮೂರು ಸೇಲಂ ಜಿಲ್ಲೆಯಲ್ಲಿತ್ತು. ಧರ್ಮಪುರಿ ಜಿಲ್ಲೆ ಆದದ್ದು 1965ರ ಅಕ್ಟೋಬರ್ 2ರಂದು. ಆಗ ರಾಜ್ಯದ ಹೆಸರು ಮದ್ರಾಸ್. ತಮಿಳುನಾಡು ಆದದ್ದು 1969ರಲ್ಲಿ. ನೀವು ಮನೆಯ ಜಗಲಿಯಿಂದ ಇಳಿಯದೆಯೇ ನಿಮ್ಮ ಜಿಲ್ಲೆಯೂ ರಾಜ್ಯದ ಹೆಸರೂ ಬದಲಾದವು. ಶಾಲೆ ತಮಿಳು, ರೇಷನ್ ಕಾರ್ಡ್ ತಮಿಳು, ಪಟ್ಟಾ ತಮಿಳು. ಆದರೂ ಅರವತ್ತು ವರ್ಷ ಕನ್ನಡ ನಿಮ್ಮ ಅಡುಗೆಮನೆಯಲ್ಲಿ ಉಳಿಯಿತು. ಪಕ್ಕದ ಹೊಗೇನಕಲ್ ಕೂಡ ಯಾವ ರಾಜ್ಯದ ನಕ್ಷೆಯಲ್ಲಿದ್ದರೂ ಹೊಗೆಯ ಕಲ್ಲು ಎಂಬ ಕನ್ನಡದ ಹೆಸರನ್ನೇ ಹೊತ್ತು ನಿಂತಿದೆ. ಇಷ್ಟು ಗಟ್ಟಿಯಾಗಿ ಉಳಿದ ಮನೆಯಿಂದ ಹೋದ ಹುಡುಗಿ ಅವಳು. ನಿಮ್ಮ ಕಾಗದ ಯಾವ ಭಾಷೆಯಲ್ಲಿದೆ ಎಂದು ಅವಳು ಒಂದು ದಿನವಾದರೂ ಕೇಳಿದ್ದಾಳೆಯೇ?

ಅವಳು ಹೋಗಿರುವ ದೇಶಕ್ಕೂ ಈ ನೋವು ಹೊಸದಲ್ಲ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಮುಂದಿನ ತಲೆಮಾರುಗಳಲ್ಲೂ ಹೋಗುವುದು ನಿಲ್ಲಲಿಲ್ಲ. ಮಗಳೋ ಮಗನೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ಊರವರೆಲ್ಲ ಆ ಮನೆಯಲ್ಲಿ ಸೇರಿ ಬೆಳಗಿನವರೆಗೆ ಕೂರುತ್ತಿದ್ದರು. ಸತ್ತವರ ಮನೆಯಲ್ಲಿ ಹೆಣದ ಪಕ್ಕ ಕೂರುವ ಜಾಗರಣೆಗೆ ಅಲ್ಲಿ ಯಾವ ಹೆಸರಿದೆಯೋ, ಬದುಕಿದ್ದವರನ್ನು ಕಳಿಸುವ ಈ ರಾತ್ರಿಗೂ ಅದೇ ಹೆಸರು. ಹೋದವರು ಮತ್ತೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದೇ ದೇಶ ಇಂದು, ಅಜ್ಜನೋ ಅಜ್ಜಿಯೋ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ಸಾಕು, ಹೊರದೇಶದಲ್ಲಿ ಹುಟ್ಟಿದ ಮೊಮ್ಮಗ ಹೆಸರು ಬರೆಸಿ ಪ್ರಜೆಯಾಗಬಹುದು ಎನ್ನುತ್ತದೆ. ನಿಮ್ಮ ಮಗಳ ಕಾಲ ಆ ಹಡಗಿನ ಕಾಲವಲ್ಲ. ಬೆಂಗಳೂರಿಗೆ ಇಳಿದರೆ ಸಂಜೆಗೆ ನಿಮ್ಮ ಜಗಲಿಯಲ್ಲಿರುತ್ತಾಳೆ.

ಈಗ ಟ್ರಂಕು. ಇವತ್ತೇ ತೆಗೆಯಿರಿ. 'ಹಳೆಯ ಕಾಗದಗಳ ನಡುವೆ ಸಿಕ್ಕಿತು' ಎಂದು ಹೇಳಬೇಡಿ. ಇನ್ನೊಂದು ಸುಳ್ಳು ಸೇರುತ್ತದೆ, ನಿದ್ದೆ ಮತ್ತೂ ದೂರ ಹೋಗುತ್ತದೆ. 'ಇತ್ತು ಕಣಮ್ಮಾ, ಕೊಡೋಕೆ ಮನಸ್ಸಾಗಲಿಲ್ಲ' ಎಂದುಬಿಡಿ. ಕಾರಣ ವಿವರಿಸಲು ಹೋಗಬೇಡಿ, ಅವಳಿಗೆ ಅರ್ಥವಾಗುತ್ತದೆ. ಈ ಎರಡು ತಿಂಗಳಲ್ಲಿ ಅವಳು ನಕಲಿಗಾಗಿ ಬೇರೆ ಯಾರಿಗಾದರೂ ದುಡ್ಡು ಕೊಟ್ಟು ಓಡಾಡಿಸುತ್ತಿದ್ದರೆ ಅದನ್ನು ನಿಲ್ಲಿಸಲಿಕ್ಕಾದರೂ ನಿಜ ಹೇಳಬೇಕು.

ಪತ್ರ ಕೈಗೆ ಬಂದ ಮೇಲೆ ನಿಮಗೆ ಕೆಲಸವಿದೆ, ಅದನ್ನು ಅಲ್ಲಿ ಕೂತು ಅವಳು ಮಾಡಲಾರಳು. ಮೊದಲು ಮಗುವಿನ ಹೆಸರಿನ ಜಾಗ ನೋಡಿ. ನಮ್ಮ ಕಡೆಯ ಹಳೆಯ ಜನನ ಪತ್ರಗಳಲ್ಲಿ ಹೆಣ್ಣು ಮಗು ಎಂದಷ್ಟೇ ಇದ್ದು ಹೆಸರು ಖಾಲಿ ಇರುವುದುಂಟು. ಖಾಲಿ ಇದ್ದರೆ ಜನನ ನೋಂದಾಯಿಸಿದ ಕಚೇರಿಗೆ ಹೋಗಿ ಹೆಸರು ಸೇರಿಸುವ ದಾರಿ ಕೇಳಿ. ಹೆಸರು ಸೇರಿಸಲು ನಿಯಮದಲ್ಲಿ 15 ವರ್ಷದ ಗಡುವಿದೆ. ತಮಿಳುನಾಡು ಸರ್ಕಾರ ಹಿಂದೆ ಅದನ್ನು ಸಡಿಲಿಸಿದ್ದುಂಟು. ಅವಳ ಶಾಲೆಯ ಟಿ.ಸಿ., ಹತ್ತನೇ ತರಗತಿಯ ಅಂಕಪಟ್ಟಿ ಜೊತೆಗಿರಲಿ.

ಎರಡನೆಯದು ಇನಿಷಿಯಲ್. ಜನನ ಪತ್ರದಲ್ಲಿ ಹೆಸರಿನ ಮುಂದೆ ನಿಮ್ಮ ಹೆಸರಿನ ಒಂದಕ್ಷರ ಇರಬಹುದು. ಪಾಸ್‌ಪೋರ್ಟಿನಲ್ಲಿ ನಿಮ್ಮ ಪೂರ್ತಿ ಹೆಸರೇ ಅವಳ ಸರ್‌ನೇಮ್ ಆಗಿ ಕೂತಿರಬಹುದು. ಯೋಚಿಸಿ ನೋಡಿ, ಡಬ್ಲಿನ್‌ನ ಆಸ್ಪತ್ರೆಯಲ್ಲಿ ಅವಳನ್ನು ದಿನವೂ ಕರೆಯುವುದು ನಿಮ್ಮ ಹೆಸರು ಹಿಡಿದೇ ಇರಬಹುದು. ಆದರೆ ಅಲ್ಲಿನ ಅಧಿಕಾರಿಗೆ ನಮ್ಮ ಇನಿಷಿಯಲ್ ಪದ್ಧತಿ ಗೊತ್ತಿರುವುದಿಲ್ಲ. ಎರಡು ಹೆಸರೂ ಒಬ್ಬಳದೇ ಎಂದು ನೀವು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಿ ಕಳಿಸಿದರೆ ಅವಳ ಕೈಗೆ ಒಂದು ಆಧಾರ ಸಿಗುತ್ತದೆ. ಪತ್ರ ತಮಿಳಿನಲ್ಲಿ ಮಾತ್ರ ಇದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕು. ಅದನ್ನು ಇಲ್ಲಿ ಮಾಡಿಸುವುದೋ ಅಲ್ಲಿ ಮಾಡಿಸುವುದೋ ಅವಳನ್ನು ಕೇಳಿಕೊಂಡು ಮುಂದುವರಿಯಿರಿ.

ಮೊದಲು ಫೋನಿನಲ್ಲಿ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿಸಿ ಕಳಿಸಿ. ಎರಡೂ ಮಗ್ಗುಲು, ಹಿಂದಿನ ಸೀಲು ಕಾಣುವ ಹಾಗೆ. ಅರ್ಜಿ ಈಗ ಆನ್‌ಲೈನಿನಲ್ಲೇ ಹೋಗುವುದರಿಂದ ಅವಳು ಅಷ್ಟರಿಂದಲೇ ಕೆಲಸ ಶುರು ಮಾಡಬಹುದು. ಮೂಲ ಪತ್ರವನ್ನು ಗುರುತಿನವರು ಯಾರಾದರೂ ಹೋಗುವಾಗ ಕೊಡಿ, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಲಕೋಟೆ ಅಂಟಿಸುವ ಮುಂಚೆ ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ಪಟ್ಟಾದ ಜೊತೆ ಅದೇ ಟ್ರಂಕಿನಲ್ಲಿ ಇಡಿ.